ಒಳಗೆ ಬಿಟ್ಟ ಎರಡು ಇಂಚು

ವಿಮಾನ ತಪ್ಪಿಹೋಗಬಹುದಿತ್ತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡ ಚೀಟಿ ಮನೆಯಲ್ಲೇ ಫ್ರಿಜ್ಜಿನ ಮೇಲೆ ಉಳಿದುಬಿಡಬಹುದಿತ್ತು. ಮೂವತ್ತು ಪೊಟ್ಟಣ ಸೂಜಿ, ನಾಲ್ಕು ಕತ್ತರಿ, ಸುರುಳಿ ಸುತ್ತಿದ ಚರ್ಮದ ಬೆಲ್ಟು ಇದ್ದ ಪೆಟ್ಟಿಗೆಯನ್ನು ನೋಡಿ ಕಸ್ಟಮ್ಸಿನವರು ನಮ್ಮನ್ನು ಯಾವುದೋ ಗ್ಯಾಂಗು ಅಂದುಕೊಳ್ಳಬಹುದಿತ್ತು. ಚಟ್ನಿಪುಡಿಯನ್ನು ಚಟ್ನಿಪುಡಿ ಎಂದು ನಂಬದೇ ಇರಬಹುದಿತ್ತು. ಹೆಂಡತಿಗೆ ಮಲೇರಿಯಾ, ಮಗಳಿಗೆ ವಾಂತಿಭೇದಿ, ನನಗೆ ಎರಡೂ ಬರಬಹುದಿತ್ತು. ನಾವು ಹೋಗುವುದು ಕೆರೆ ಪಕ್ಕದ ಊರಂತೆ, ಆ ಕೆರೆಯಲ್ಲಿ ನೀರಾನೆಗಳಂತೆ, ಹೊತ್ತು ಇಳಿದ ಮೇಲೆ ಅವು ದಡಕ್ಕೆ ಬಂದು ಹುಲ್ಲು ಮೇಯುತ್ತವಂತೆ. ಆ ಹೊತ್ತಿಗೆ ಸರಿಯಾಗಿ ನಾನು ವಾಕಿಂಗು ಹೊರಟಿರಬಹುದಿತ್ತು. ಮಗಳಿಗೆ ಆ ದೇಶ ಇಷ್ಟವಾಗಿ ಇಲ್ಲೇ ಇರುತ್ತೇನೆ ಅನ್ನಬಹುದಿತ್ತು. ಹೆಂಡತಿಗೂ ಇಷ್ಟವಾಗಬಹುದಿತ್ತು. ಅಷ್ಟು ದೂರ ಹೋಗಿ ನಾನು ಯಾವ ಉಪಯೋಗಕ್ಕೂ ಬಾರದೆ ಮೂರು ವಾರ ಮೂಲೆಯಲ್ಲಿ ಕೂತಿರಬಹುದಿತ್ತು.

ಇಂಥವು ಒಟ್ಟು ಇಪ್ಪತ್ತೆರಡು. ನಾನು ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುವವನು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ರಜಾ ದಿನಗಳಲ್ಲಿ ಬಿಟ್ಟಿಯಾಗಿ ಮಾಡುತ್ತೇನೆ. ಹೊರಡುವ ಹಿಂದಿನ ವಾರ ಈ ಪಟ್ಟಿಯನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅಂದವಾಗಿ ಬರೆದು, ನಮ್ಮನ್ನು ಕರೆದುಕೊಂಡು ಹೊರಟಿದ್ದ ಹೊಲಿಗೆ ಟೀಚರ ಮಾರೇನಹಳ್ಳಿಯ ಮನೆಗೆ ಹೋಗಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದೆ. ನೋಡಿ ಗಾಬರಿಯಾಗಿ, ಹಾಗಾದರೆ ನೀವು ಬರುವುದು ಬೇಡ ಅನ್ನಲಿ ಎಂಬುದು ನನ್ನ ಒಳಗಿನ ಆಸೆ.

ಅವರು ಕನ್ನಡಕ ಹಾಕಿಕೊಂಡು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ತುದಿಯಿಂದ ಒಂದೊಂದೇ ಸಾಲು ಮುಟ್ಟುತ್ತಾ ಕೆಳಗಿನವರೆಗೆ ಓದಿದರು.

"ಇಪ್ಪತ್ತೆರಡು ಬರ್ದಿದೀರಿ. ಎಣ್ಣೆ ಎಲ್ಲಪ್ಪಾ?"

"ಯಾವ ಎಣ್ಣೆ?"

"ಮೆಷಿನ್ ಎಣ್ಣೆ. ಕೆಲಸ ಕೆಡೋದು ಎಣ್ಣೆಯಿಂದ, ನೀರಾನೆಯಿಂದ ಅಲ್ಲ. ಸರಿ ಬಿಡಿ, ಎಣ್ಣೆ ನೀವೇ ನೋಡ್ಕೊಳ್ಳಿ."

ಪಟ್ಟಿಯನ್ನು ಮಡಚಿ ವಾಪಸು ಕೊಟ್ಟರು. ಪ್ರಯಾಣ ತಪ್ಪಿಸಿಕೊಳ್ಳಲು ಹೋದವನಿಗೆ ಹೀಗೆ ಖಾತೆಯೊಂದು ಸಿಕ್ಕಿತು.

ಅವರು ಹೋದ ಆಷಾಢದಲ್ಲಿ ತೀರಿಕೊಂಡರು. ಬೀದಿಯವರೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಹೆಸರು ನನಗೆ ಗೊತ್ತಾದದ್ದೇ ಪಾಸ್‌ಪೋರ್ಟಿನಲ್ಲಿ ಓದಿದಾಗ. ಆ ಹೆಸರಿಗೂ ಅವರಿಗೂ ಅಷ್ಟೇನೂ ಹೊಂದುತ್ತಿರಲಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಆರು ಮೆಷಿನ್ನು ಇಟ್ಟುಕೊಂಡು ಅವರು ಹೊಲಿಗೆ ಹೇಳಿಕೊಡುತ್ತಿದ್ದರು. ಹೊಸದಾಗಿ ಸೇರಿದವರಿಗೆ ಮೊದಲ ಹದಿನೈದು ದಿನ ಬಟ್ಟೆಯೂ ಇಲ್ಲ, ದಾರವೂ ಇಲ್ಲ. ಗೆರೆ ಇರುವ ನೋಟ್‌ಬುಕ್ಕಿನ ಹಾಳೆಯನ್ನು ಬರಿಯ ಸೂಜಿಯ ಕೆಳಗಿಟ್ಟು, ಗೆರೆಯ ಮೇಲೇ ತೂತು ಬೀಳುವಂತೆ ತುಳಿಯಬೇಕು. ನನ್ನ ಹೆಂಡತಿ ಸೇರಿದಾಗ ನಮ್ಮ ಮನೆಯ ತುಂಬ ತೂತಿನ ಹಾಳೆಗಳು. ಟೀಚರಮ್ಮ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. "ಮೂರನೇ ಸಾಲಲ್ಲಿ ಯಾರ್ನೋ ಮನಸ್ಸಲ್ಲೇ ಬೈಕೊಂಡಿದೀಯ ಕಣೇ," ಅಂದಿದ್ದರು ಒಮ್ಮೆ. ಬೈಸಿಕೊಂಡವನು ಯಾರು ಎಂದು ನನ್ನ ಹೆಂಡತಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನುಷ್ಯರ ಮುಖಕ್ಕಿಂತ ಮೊದಲು ಅವರು ನೋಡುತ್ತಿದ್ದುದು ಹೊಲಿಗೆ. ಎದುರಿಗೆ ನಿಂತು ಮಾತಾಡುತ್ತಿದ್ದರೆ ಅವರ ಕಣ್ಣು ನಮ್ಮ ಭುಜದ ಮೇಲಿರುತ್ತಿತ್ತು, ಕಾಲರಿನ ತುದಿಯಲ್ಲಿರುತ್ತಿತ್ತು. ಒಂದು ವರ್ಷ ಬಡಾವಣೆಯವರು ರಾಜ್ಯೋತ್ಸವದ ದಿನ ಅವರಿಗೆ ಸನ್ಮಾನ ಮಾಡಿದರು. ಹೊರದೇಶಕ್ಕೆ ಹೋಗಿ ಸೇವೆ ಮಾಡಿಬಂದ ತಾಯಿ ಎಂದು ಮೈಕಿನಲ್ಲಿ ಹೊಗಳುತ್ತಿರುವಾಗಲೇ, ಹೊದೆಸಿದ ಶಾಲನ್ನು ತೆಗೆದು ತಿರುಗಿಸಿ ಹಿಂಬದಿ ನೋಡಿದರು. ಪಕ್ಕದಲ್ಲಿದ್ದ ಅಧ್ಯಕ್ಷರಿಗೆ, "ಅಂಚು ಮಡಚೇ ಇಲ್ಲ ನೋಡಿ ಇವ್ರು," ಅಂದರು. ಮೈಕು ಹತ್ತಿರದಲ್ಲೇ ಇತ್ತು. ಸೇವೆ ಎಂಬ ಮಾತು ಅವರಿಗೆ ಸೇರುತ್ತಿರಲಿಲ್ಲ. "ಮೆಷಿನ್ ರಿಪೇರಿಗೆ ಹೋಗ್ಬರ್ತೀನಿ," ಎಂದಷ್ಟೇ ಹೇಳುತ್ತಿದ್ದರು, ಪಕ್ಕದ ಬೀದಿಗೆ ಹೊರಟವರ ಹಾಗೆ.

ರಿಪೇರಿ ಇದ್ದದ್ದು ಕೀನ್ಯಾದಲ್ಲಿ. ಅವರಲ್ಲಿ ಕಲಿತ ಪವಿತ್ರ ಎಂಬ ಹುಡುಗಿಯ ಗಂಡನಿಗೆ ಅಲ್ಲಿಯ ಗುಲಾಬಿ ತೋಟವೊಂದರಲ್ಲಿ ಕೆಲಸ. ತೋಟದ ಪಕ್ಕದ ಊರಿನ ಒಂದು ಕೋಣೆಯಲ್ಲಿ, ಯಾರೋ ಪುಣ್ಯಾತ್ಮರು ದಾನ ಕೊಟ್ಟುಹೋದ ಹದಿನಾಲ್ಕು ಹೊಲಿಗೆ ಮೆಷಿನ್ನು ತುಕ್ಕು ಹಿಡಿಯುತ್ತಾ ನಿಂತಿದ್ದವು. ಪವಿತ್ರ ಅದರ ಫೋಟೋ ಕಳಿಸಿದಳು. ಟೀಚರಮ್ಮ ಫೋಟೋ ನೋಡಿ ಮೊದಲು ಹೇಳಿದ ಮಾತು, "ಅಯ್ಯೋ, ಒಂದಕ್ಕೂ ಬೆಲ್ಟೇ ಇಲ್ವಲ್ಲೇ." ಮುಂದಿನ ಡಿಸೆಂಬರಿನಲ್ಲಿ ಬೆಲ್ಟಿನ ಸುರುಳಿ ಪೆಟ್ಟಿಗೆಯಲ್ಲಿಟ್ಟುಕೊಂಡು ಗಂಡನ ಜೊತೆ ಹೊರಟೇಬಿಟ್ಟರು. ನೆಲದ ಮೇಲೆ ಹಾಳೆ ಹಾಸಿ, ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ತೊಳೆದು, ಎರಡು ಮೆಷಿನ್ನುಗಳನ್ನು ಬಿಚ್ಚಿ ಅವುಗಳ ಭಾಗಗಳಿಂದ ಉಳಿದ ಹನ್ನೆರಡನ್ನು ಓಡಿಸಿದರು. ಓಡುವ ಮೆಷಿನ್ನಿದ್ದ ಮೇಲೆ ಕಲಿಸದೆ ಬರುವುದು ಹೇಗೆ ಎಂದು ಮರುವರ್ಷವೂ ಹೋದರು.

ಮೂರನೆಯ ವರ್ಷ ನಮ್ಮ ಸರದಿ. ಅವರದೊಂದು ನಿಯಮವಿತ್ತು: ಜೊತೆಗೆ ಬರುವವರು ಸಂಸಾರ ಸಮೇತ ಬರಬೇಕು. "ಒಬ್ಬೊಬ್ರೇ ಬಂದ್ರೆ ನಾಲ್ಕನೇ ದಿನಕ್ಕೆ ಮನೆ ನೆನಪು ಅಂತ ಮುಖ ಬಾಡಿಸ್ಕೊಂಡು ಕೂತಿರ್ತಾರೆ. ಮನೇನೇ ಬಂದ್ಬಿಟ್ರೆ ನೆನೆಸ್ಕೊಳ್ಳೋಕೆ ಏನಿದೆ?" ನನ್ನ ಹೆಂಡತಿ ಹೂಂ ಅಂದುಬಿಟ್ಟಿದ್ದಳು. ಕಾಲೇಜಿನಲ್ಲಿದ್ದ ಮಗಳು ಅದಕ್ಕಿಂತ ಮೊದಲೇ ಹೂಂ ಅಂದಿದ್ದಳು. ನಾನು ಕೊನೆಯ ಅಸ್ತ್ರವಾಗಿ, "ನಮ್ಮಲ್ಲೇ ಬಡವರಿಲ್ವಾ ಟೀಚರಮ್ಮ?" ಎಂದು ಕೇಳಿದೆ.

"ಇದಾರೆ. ವಾರಕ್ಕೆ ಆರು ದಿನ ನಾನು ಹೇಳ್ಕೊಡೋದು ಅವರ ಮಕ್ಕಳಿಗೇನೇ. ನೀವು ಇಲ್ಲೇ ಇದೀರಲ್ಲ, ನೀವೇನ್ ಮಾಡ್ತಾ ಇದೀರಿ?"

ನಾನು ಕಾಫಿ ಲೋಟ ಎತ್ತಿಕೊಂಡೆ.

ಅವರ ಯಜಮಾನರ ವಿಷಯವನ್ನೂ ಹೇಳಬೇಕು. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಖಾಲಿ ಕೂರಲು ಹೆಂಡತಿ ಬಿಡದ್ದರಿಂದ ಗುಂಡಿಯ ತೂತಿಗೆ ಕಾಜಾ ಹಾಕುವುದನ್ನು ಕಲಿತರು. ಇಡೀ ವಿಜಯನಗರದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಾಜಾ ಹಾಕುವವರಿಲ್ಲ ಎಂದು ಟೀಚರಮ್ಮ ಹೇಳುತ್ತಿದ್ದುದು ಅವರು ಪಕ್ಕದಲ್ಲಿಲ್ಲದಾಗ ಮಾತ್ರ. ಒಂದೊಂದು ಕಾಜಾ ಮುಗಿದಾಗಲೂ ಬಾಯಲ್ಲಿ ಮೆಲ್ಲಗೆ "ರೈಟ್" ಅನ್ನುವ ಅಭ್ಯಾಸ ಅವರಿಗಿತ್ತು.

ನೈರೋಬಿ ವಿಮಾನ ನಿಲ್ದಾಣದಲ್ಲಿ ನನ್ನ ಪಟ್ಟಿಯ ಮೂರನೆಯ ಸಂಗತಿ, ಅಂದರೆ ಅಧಿಕಾರಿಗಳ ಜೊತೆ ತಕರಾರು, ನಿಜವಾಗುವುದರಲ್ಲಿತ್ತು. ಪಾಸ್‌ಪೋರ್ಟಿಗೆ ಮುದ್ರೆ ಹಾಕುವ ಅಧಿಕಾರಿ ಎತ್ತರದ ಆಳು, ಗಂಭೀರ ಮುಖ. ಟೀಚರಮ್ಮ ಆತನ ತೋಳಿನತ್ತ ಬೆರಳು ತೋರಿಸಿ ಕನ್ನಡದಲ್ಲೇ, "ಬಟನ್ ಬೀಳುತ್ತಪ್ಪ, ದಾರ ಸಡಿಲ ಆಗಿದೆ," ಅಂದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆತ ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಐದು ಪಾಸ್‌ಪೋರ್ಟಿಗೂ ಮುದ್ರೆ ಒತ್ತುತ್ತಿದ್ದ.

ಆ ವರ್ಷ ಅಲ್ಲಿ ಇದ್ದ ಕೆಲಸ ಕಲಿಸುವುದಷ್ಟೇ ಅಲ್ಲ. ಗುಲಾಬಿ ತೋಟಗಳಲ್ಲಿ ಒಂದು ಮುಚ್ಚಿಹೋಗಿ ಕೆಲಸ ಕಳೆದುಕೊಂಡಿದ್ದ ಹನ್ನೆರಡು ಹೆಂಗಸರು ಹಿಂದಿನ ವರ್ಷ ಟೀಚರಮ್ಮನ ಬಳಿ ಕಲಿತಿದ್ದರು. ಅವರಿಗೆ ಮೊದಲ ಸಲ ಒಂದು ಆರ್ಡರು ಸಿಕ್ಕಿತ್ತು: ಊರಿನ ಶಾಲೆಯ ಹೆಣ್ಣುಮಕ್ಕಳಿಗೆ ನೂರ ಎಂಬತ್ತು ನೀಲಿ ಫ್ರಾಕು. ಶಾಲೆ ತೆರೆಯುವ ಮುಂಚಿನ ಶುಕ್ರವಾರ ಸಂಜೆ ನಾಲ್ಕಕ್ಕೆ ಅಷ್ಟೂ ಕೈಗೆ ಬರಬೇಕು, ಎಲ್ಲ ಒಂದೇ ಥರ ಇರಬೇಕು, ಇಲ್ಲದಿದ್ದರೆ ಮುಂದಿನ ವರ್ಷದಿಂದ ಪೇಟೆಯ ಅಂಗಡಿಗೆ ಕೊಡುತ್ತೇವೆ ಎಂದು ಹೆಡ್‌ಮಿಸ್ಟ್ರೆಸ್ಸು ಹೇಳಿದ್ದರು. ಬಟ್ಟೆಯನ್ನು ಅಳೆದು ಅವರೇ ಕೊಟ್ಟಿದ್ದರು. ಆ ಹನ್ನೆರಡು ಜನಕ್ಕೆ ಇದು ತಪ್ಪಿದರೆ ಬೇರೆ ಕೆಲಸವಿರಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಒಪ್ಪಿದ್ದು ಟೀಚರಮ್ಮ ಹಿಂದಿನ ವರ್ಷ ಕೊಟ್ಟುಬಂದಿದ್ದ ಮಾತಿನ ಮೇಲೆ. ಆರ್ಡರು ಕೈತಪ್ಪಿದರೆ ಅವರ ಮಾತೂ ಬೀಳುತ್ತಿತ್ತು.

ಕೆಲಸ ಹಂಚಿದರು. ಹೆಂಗಸರು ಹೊಲಿಯುವುದು, ನನ್ನ ಹೆಂಡತಿ ಕತ್ತರಿಸುವುದು, ಮಗಳು ಗುಂಡಿ, ಯಜಮಾನರು ಕಾಜಾ. ನಾನು ದಿನವೂ ಕೆಲಸ ಮುಗಿದ ಮೇಲೆ ಹನ್ನೆರಡು ಮೆಷಿನ್ನಿಗೆ ಎಣ್ಣೆ ಬಿಡುವುದು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪ್ರತಿಯೊಂದರಲ್ಲೂ ಚಿಂದಿ ಬಟ್ಟೆಯ ಮೇಲೆ ಎರಡು ಸಾಲು ಓಡಿಸಿ ಹೆಚ್ಚಿನ ಎಣ್ಣೆ ತೆಗೆಯುವುದು. "ಚಿಂದಿ ಮೇಲೆ ಓಡಿಸ್ದೆ ಯಾರೂ ಒಳ್ಳೆ ಬಟ್ಟೆ ಇಡ್ಕೂಡ್ದು," ಎಂದು ಟೀಚರಮ್ಮ ಮೂರು ಸಲ ಹೇಳಿದ್ದರು. ನಾನು ಹನ್ನೆರಡು ಮೆಷಿನ್ನಿಗೂ ನಂಬರು ಬರೆದು, ಗುರುತು ಹಾಕುವ ಚಾರ್ಟು ಮಾಡಿ ಗೋಡೆಗೆ ಅಂಟಿಸಿದೆ. ಅದನ್ನು ನೋಡಿದವರೆಲ್ಲ ನಗುತ್ತಿದ್ದರು.

ಜಗಳ ಶುರುವಾದದ್ದು ಮೂರನೆಯ ದಿನ. ಟೀಚರಮ್ಮನ ಇಡೀ ಹೊಲಿಗೆ ಶಾಸ್ತ್ರ ಒಂದೇ ಮಾತಿನ ಮೇಲೆ ನಿಂತಿತ್ತು: ಒಳಗೆ ಎರಡು ಇಂಚು ಬಿಡು. ಮದುವೆ ಹೆಣ್ಣಿನ ರವಿಕೆಯಾಗಲಿ, ಒಂದನೇ ಕ್ಲಾಸಿನ ಹುಡುಗಿಯ ಲಂಗವಾಗಲಿ, ಮುಂದೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಒಳಗೆ ಬಟ್ಟೆ ಇರಲೇಬೇಕು. "ಬಟ್ಟೆ ಬೆಳೆಯಲ್ಲ, ತೊಟ್ಕೊಂಡೋರು ಬೆಳೀತಾರೆ," ಅನ್ನುತ್ತಿದ್ದರು. ಈ ಫ್ರಾಕುಗಳ ಕೆಳ ಅಂಚಿಗೂ ಎರಡು ಇಂಚು ಮಡಿಕೆ ಬಿಡಬೇಕೆಂದು ಹಟ ಹಿಡಿದರು. ಹೆಂಗಸರ ಗುಂಪಿನ ಮುಖ್ಯಸ್ಥೆ ಮರ್ಸಿ, ನಲವತ್ತರ ಗಟ್ಟಿ ಹೆಂಗಸು, ಬಟ್ಟೆಯ ಸುರುಳಿಯನ್ನು ಮೊಳ ಹಾಕಿ ನೋಡಿ ತಲೆಯಾಡಿಸಿದಳು. ಪವಿತ್ರ ನಡುವೆ ನಿಂತು ಅವಳ ಮಾತನ್ನು ಕನ್ನಡಕ್ಕೆ ತಂದಳು.

"ಟೀಚರಮ್ಮ, ಇವ್ಳು ಏನಂತಾಳೆ ಅಂದ್ರೆ, ಎರಡಿಂಚು ಬಿಟ್ರೆ ಇಪ್ಪತ್ತು ಫ್ರಾಕ್‌ಗೆ ಬಟ್ಟೆ ಸಾಲಲ್ಲ ಅಂತ."

"ಬಿಡದೇ ಇದ್ರೆ ಮುಂದಿನ ವರ್ಷ ಆ ಮಕ್ಕಳ ತಾಯಂದ್ರು ಹೊಸದು ಎಲ್ಲಿಂದ ತರ್ತಾರಂತೆ? ಕೇಳು."

ಪವಿತ್ರ ಕೇಳಿದಳು. ಮರ್ಸಿಯ ಉತ್ತರ ಉದ್ದವಾಗಿತ್ತು. ಪವಿತ್ರ ಅದನ್ನು ಚಿಕ್ಕದು ಮಾಡಿ ಹೇಳಿದಳು: "ನೀವು ಮೂರು ವಾರ ಆದ್ಮೇಲೆ ವಿಮಾನ ಹತ್ತಿ ಹೋಗ್ತೀರಂತೆ. ಇಪ್ಪತ್ತು ಕಮ್ಮಿ ಬಿದ್ರೆ ಹೆಡ್‌ಮಿಸ್ಟ್ರೆಸ್ ಮುಂದೆ ನಿಂತ್ಕೊಳ್ಳೋಳು ಅವಳಂತೆ."

ಅದು ನಿಜವಾಗಿತ್ತು. ಮರ್ಸಿ ಕತ್ತರಿ ಕೆಳಗಿಟ್ಟು ಹೊರಟುಹೋದಳು. ಆ ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನಂತೂ, ಈ ಸಂಗತಿ ಪಟ್ಟಿಯಲ್ಲಿಲ್ಲವಲ್ಲ ಎಂದು ಒಂದು ಬಗೆಯ ಅವಮಾನವನ್ನೂ ಅನುಭವಿಸಿದೆ.

ಮಾರನೆಯ ದಿನ ಬೆಳಿಗ್ಗೆ ನಾನು ಚಿಂದಿ ಹಿಡಿದು ಹೋದರೆ ಮರ್ಸಿ ನನಗಿಂತ ಮುಂಚೆ ಬಂದಿದ್ದಳು. ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹಾಸಿ ಏನೋ ಮಾಡುತ್ತಿದ್ದಳು. ನಾವು ಬಟ್ಟೆಯನ್ನು ಸರಿಯಾಗಿ ನಡುವಿಗೆ ಮಡಿಸಿ ಕತ್ತರಿಸುತ್ತಿದ್ದೆವು. ಅವಳು ಮೂರನೇ ಒಂದು ಪಾಲನ್ನು ಮಾತ್ರ ಮಡಿಸಿ, ಅದರಲ್ಲಿ ಕೆಳಭಾಗದ ತುಂಡುಗಳನ್ನೂ, ಉಳಿದ ಒಂಟಿ ಪದರದಲ್ಲಿ ಎದೆಯ ಭಾಗ, ಕಾಲರು, ಪಟ್ಟಿಗಳನ್ನೂ ಒಂದರ ಸಂದಿಯಲ್ಲಿ ಇನ್ನೊಂದು ಕೂರುವಂತೆ ಚಾಕ್‌ಪೀಸಿನಲ್ಲಿ ಬರೆದಿದ್ದಳು. ಟೀಚರಮ್ಮ ಬಂದವರು ಕನ್ನಡಕ ಹಾಕಿಕೊಂಡು ಮೇಜಿನ ಸುತ್ತ ಎರಡು ಸಲ ತಿರುಗಿದರು. ಟೇಪು ಹಿಡಿದು ಅಳೆದರು. ಎರಡು ಇಂಚಿನ ಮಡಿಕೆಯೂ ಸೇರಿ ನೂರ ಎಂಬತ್ತೂ ಆಗುತ್ತಿತ್ತು. ಒಂದು ಅಂಗೈಯಷ್ಟು ತುಂಡೂ ಉಳಿಯುತ್ತಿರಲಿಲ್ಲ.

ಅವರು ಮರ್ಸಿಯನ್ನು ಹೊಗಳಲಿಲ್ಲ. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ತಮ್ಮ ಕತ್ತರಿಯನ್ನು, ಮಾರೇನಹಳ್ಳಿಯಲ್ಲಿ ಯಾರೂ ಮುಟ್ಟುವಂತಿರದ ಆ ದೊಡ್ಡ ಕತ್ತರಿಯನ್ನು, ಹಿಡಿಯ ಕಡೆಯಿಂದ ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಮಗಳನ್ನು ಕರೆದು ಆ ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡರು. ವಾಪಸು ಬಂದ ಮೇಲೆ ಮಾರೇನಹಳ್ಳಿಯ ಹುಡುಗಿಯರಿಗೆ ಅದನ್ನು ಮರ್ಸಿ ಕಟಿಂಗ್ ಎಂದು ಕಲಿಸಿದರು. ಈಗಲೂ ಆ ಹುಡುಗಿಯರು ಹಾಗೇ ಅನ್ನುತ್ತಾರೆ, ಮರ್ಸಿ ಯಾರೆಂದು ಬಹಳ ಜನಕ್ಕೆ ಗೊತ್ತಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನೂರ ಎಪ್ಪತ್ತೆಂಟು ಫ್ರಾಕು ಮಡಚಿ ಜೋಡಿಸಿದ್ದೆವು. ಇನ್ನೆರಡು. ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಕೋಣೆಯಲ್ಲಿದ್ದೆ. ಏಳನೆಯ ನಂಬರಿನ ಮೆಷಿನ್ನು ಬೆಳಿಗ್ಗೆಯಿಂದ ಕಿರ್ ಅನ್ನುತ್ತಿತ್ತು. ಕೊನೆಯ ಗಳಿಗೆಯಲ್ಲಿ ನಿಂತುಬಿಟ್ಟರೆ ಎಂದು ಹೆದರಿ ನಾಲ್ಕು ಹನಿ ಎಣ್ಣೆ ಬಿಟ್ಟೆ. ಚಿಂದಿಗಾಗಿ ಹುಡುಕಿದೆ. ಬೆಳಿಗ್ಗೆ ಬಳಸಿದ್ದು ನೆನೆದುಹೋಗಿ ಎಸೆದಾಗಿತ್ತು. ಮರ್ಸಿಯ ಕಟಿಂಗಿನಿಂದಾಗಿ ಹೊಸ ಚಿಂದಿ ಹುಟ್ಟಿಯೇ ಇರಲಿಲ್ಲ. ಆಗ ನಾನು, ಇಪ್ಪತ್ತೆರಡು ಸಂಗತಿಗಳಿಗೆ ಹೆದರಿದ್ದ ಮನುಷ್ಯ, ನನ್ನ ಜೀವನದಲ್ಲಿ ಎಂದೂ ಹೇಳಿಕೊಳ್ಳದ ಮಾತನ್ನು ಹೇಳಿಕೊಂಡೆ: ಏನೂ ಆಗಲ್ಲ ಬಿಡು.

ಊಟ ಮುಗಿಸಿ ಬಂದು ಮರ್ಸಿ ಏಳನೆಯ ಮೆಷಿನ್ನಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ತುಳಿಯುವ ಸದ್ದು ನಿಂತಿತು. ದೊಡ್ಡ ಅಳತೆಯ ಫ್ರಾಕು, ಎದೆಯ ಎಡಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಎಣ್ಣೆಯ ಕಲೆ. ಅವಳು ಮೊದಲು ಸೂಜಿ ಹಿಡಿದ ಕಂಬಿಯನ್ನು ನೋಡಿದಳು, ಆಮೇಲೆ ಗೋಡೆಯ ಮೇಲಿನ ನನ್ನ ಚಾರ್ಟನ್ನು, ಆಮೇಲೆ ನನ್ನನ್ನು. ಗಂಟೆ ಎರಡೂವರೆ.

"ಚಿಂದಿ ಮೇಲೆ ಓಡಿಸಿದ್ರಾ?" ಟೀಚರಮ್ಮ ಕೇಳಿದರು.

"ಚಿಂದಿ ಇರ್ಲಿಲ್ಲ."

"ಜೇಬಲ್ಲಿ ಕರ್ಚೀಫ್ ಇಲ್ವಾ?"

ಇತ್ತು. ಇಸ್ತ್ರಿ ಮಾಡಿದ್ದು.

ಕಲೆಯ ಮೇಲೆ ಚಾಕ್‌ಪೀಸಿನ ಪುಡಿ ಹಾಕಿ ತಿಕ್ಕಿದರು. ತೆಳುವಾಯಿತೇ ಹೊರತು ಹೋಗಲಿಲ್ಲ. ತೊಳೆದರೆ ನಾಲ್ಕರೊಳಗೆ ಒಣಗುವುದಿಲ್ಲ. ಬೇರೆ ಹೊಲಿಯಲು ನೀಲಿ ಬಟ್ಟೆ ಒಂದು ಎಳೆಯೂ ಇರಲಿಲ್ಲ. ಹನ್ನೆರಡು ಹೆಂಗಸರೂ ಮೇಜಿನ ಸುತ್ತ ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಟೀಚರಮ್ಮ ಫ್ರಾಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬ್ಲೇಡು ತೆಗೆದುಕೊಂಡು ಕೆಳ ಅಂಚಿನ ಮಡಿಕೆಯ ಹೊಲಿಗೆ ಬಿಚ್ಚತೊಡಗಿದರು. ಒಳಗೆ ಬಿಟ್ಟಿದ್ದ ಎರಡು ಇಂಚನ್ನು ಸುತ್ತಲೂ ಕತ್ತರಿಸಿ ತೆಗೆದು, ಆ ಪಟ್ಟಿಯನ್ನು ಮೂರು ತುಂಡು ಮಾಡಿ ಜೋಡಿಸಿ, ಕಲೆಯ ಮೇಲೆ ಸರಿಯಾಗಿ ಕೂರುವಂತೆ ಒಂದು ಜೇಬು ಹೊಲಿದರು. ಅವರು ತಮ್ಮ ಕೈಯಿಂದಲೇ ಎರಡು ಇಂಚು ಕತ್ತರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕತ್ತರಿಸುವಾಗ ಮುಖದಲ್ಲಿ, ಯಾರದೋ ಉಳಿತಾಯಕ್ಕೆ ಕೈಹಾಕುತ್ತಿರುವಂಥ ಕಸಿವಿಸಿ ಇತ್ತು. ಯಜಮಾನರು ಮಾತ್ರ ಕೊನೆಯ ಕಾಜಾ ಮುಗಿಸಿ ಮೆಲ್ಲಗೆ "ರೈಟ್" ಅಂದರು.

ಹೆಡ್‌ಮಿಸ್ಟ್ರೆಸ್ಸು ನಾಲ್ಕಕ್ಕೆ ಸರಿಯಾಗಿ ಬಂದರು. ಎಣಿಸಿದರು. ಒಂದೊಂದನ್ನೂ ಎತ್ತಿ ನೋಡಿದರು. ಆ ಫ್ರಾಕು ಕೈಗೆ ಬಂದಾಗ ನಿಲ್ಲಿಸಿದರು. ಇದಕ್ಕೇಕೆ ಜೇಬು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ತಪ್ಪೊಪ್ಪಿಗೆಗೆ ಸಿದ್ಧನಾದೆ. ಅಷ್ಟರಲ್ಲಿ ಮರ್ಸಿ, ಒಂದು ಕ್ಷಣವೂ ತಡೆಯದೆ, ಅದು ಶಾಲೆಯ ಲೀಡರ್ ಹುಡುಗಿಗೆ, ಚಾಕ್‌ಪೀಸ್ ಇಟ್ಟುಕೊಳ್ಳಲು ಅಂದಳು. ಹೆಡ್‌ಮಿಸ್ಟ್ರೆಸ್ಸು ಯೋಚಿಸಿದರು. ಒಳ್ಳೆಯ ಏರ್ಪಾಡು ಅಂದರು. ಸಹಿ ಮಾಡಿದರು. ಮುಂದಿನ ವರ್ಷವೂ ನೀವೇ ಮಾಡಿ ಅಂದರು.

ಅವರು ಹೋದ ಮೇಲೆ ಪವಿತ್ರ ಇದನ್ನು ಅನುವಾದಿಸಿದಾಗ ಟೀಚರಮ್ಮ ಮರ್ಸಿಯ ಭುಜದ ಹೊಲಿಗೆಯನ್ನು ನೋಡಿದರು, ಆಮೇಲೆ ಮುಖವನ್ನು. "ಇವಳಿಗೆ ನಾನು ಕಲಿಸೋದು ಇನ್ನೇನೂ ಇಲ್ಲ," ಅಂದರು. ಪವಿತ್ರ ಅದನ್ನೂ ಅನುವಾದಿಸಿದಳು.

ಮರುವರ್ಷ ಡಾಕ್ಟರು ಟೀಚರಮ್ಮನಿಗೆ ದೂರದ ಪ್ರಯಾಣ ಬೇಡ ಅಂದರು. ನಾವೂ ಹೋ‌ಗಲಿಲ್ಲ, ಯಾರೂ ಹೋಗುವ ಅಗತ್ಯ ಇರಲಿಲ್ಲ. ಹೊಸ ಮಕ್ಕಳಿಗೆ ಬೇಕಾದ ಫ್ರಾಕುಗಳನ್ನು ಆ ಹನ್ನೆರಡು ಜನವೇ ಹೊಲಿದು ಕೊಟ್ಟರು. ಹಳೆಯ ಮಕ್ಕಳು ಮಡಿಕೆ ಬಿಚ್ಚಿಕೊಂಡರು. ಜನವರಿಯಲ್ಲಿ ಮರ್ಸಿ ಶಾಲೆಯ ಹುಡುಗಿಯರು ಸಾಲಾಗಿ ನಿಂತ ಒಂದು ಫೋಟೋ ಕಳಿಸಿದಳು. ನಾನದನ್ನು ತೋರಿಸಲು ಮಾರೇನಹಳ್ಳಿಗೆ ಹೋದೆ.

ಅವರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಫೋನು ಇಸಿದುಕೊಂಡು, ಎರಡು ಬೆರಳಿನಲ್ಲಿ ದೊಡ್ಡದು ಮಾಡಿ, ಮುಖಗಳನ್ನೆಲ್ಲ ಬಿಟ್ಟು ಕೆಳ ಅಂಚುಗಳನ್ನೇ ಎಡದಿಂದ ಬಲಕ್ಕೆ ನೋಡುತ್ತಾ ಹೋದರು. ಎಲ್ಲರ ಫ್ರಾಕೂ ಮೊಣಕಾಲಿನ ಕೆಳಗೆ. ಬಿಚ್ಚಿದ ಮಡಿಕೆಯ ಜಾಗ, ಬಿಸಿಲು ಕಾಣದ ಬಟ್ಟೆಯಾದ್ದರಿಂದ, ಗಾಢ ನೀಲಿಯ ಪಟ್ಟಿಯಾಗಿ ಸಾಲಿನುದ್ದಕ್ಕೂ ಕಾಣುತ್ತಿತ್ತು. ಕೊನೆಯಲ್ಲಿ ಲೀಡರ್ ಹುಡುಗಿ ನಿಂತಿದ್ದಳು. ಆ ಶಾಲೆಯಲ್ಲಿ ಎಲ್ಲರಿಗಿಂತ ಎತ್ತರದವಳನ್ನೇ ಲೀಡರ್ ಮಾಡುತ್ತಾರೆಂಬುದು ನಮಗೆ ಆಮೇಲೆ ಗೊತ್ತಾದ ಸಂಗತಿ. ಅವಳ ಫ್ರಾಕಿಗೆ ಪಟ್ಟಿ ಇರಲಿಲ್ಲ. ಮೊಣಕಾಲಿನ ಮೇಲೇ ನಿಂತುಬಿಟ್ಟಿತ್ತು. ಎದೆಯ ಮೇಲಿನ ಜೇಬಿನಿಂದ ಚಾಕ್‌ಪೀಸಿನ ತುದಿ ಇಣುಕುತ್ತಿತ್ತು.

"ಬೆಳೆದಿದಾಳೆ," ಅಂದರು ಟೀಚರಮ್ಮ. ಬಹಳ ಹೊತ್ತು ನೋಡಿ ಫೋನು ವಾಪಸು ಕೊಟ್ಟರು. "ನಿಮ್ಮ ಆ ಇಪ್ಪತ್ತೆರಡರ ಪಟ್ಟಿ ಇದ್ಯೇನಪ್ಪಾ ಇನ್ನೂ? ಬರ್ಕೊಳ್ಳಿ."

ಇತ್ತು. ಬರೆದುಕೊಂಡೆ. ಮೇಲಿನ ಇಪ್ಪತ್ತೆರಡರಲ್ಲಿ ಒಂದೂ ಆಗಲಿಲ್ಲ. ಕೆಳಗೆ, ಇಪ್ಪತ್ತಮೂರನೆಯದಾಗಿ, ಆದದ್ದು ಇದೆ: ಒಂದು ಹುಡುಗಿಯ ಫ್ರಾಕು, ಎರಡು ಇಂಚು ಗಿಡ್ಡ.